ಭಾರತದ ಬಂದರಿನಲ್ಲಿ ಹಡಗು ನಿಲ್ಲುವುದು 0.9 ದಿನವೋ, 2 ದಿನವೋ? ಎರಡೂ ನಿಜವಾಗುವುದು ಹೇಗೆ?

ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ ಗುಲಾಬಿ ಹೂವಿನ ಶುಭೋದಯದ ಬೆನ್ನಿಗೇ ಬರುವ ಫಾರ್ವರ್ಡ್‌ಗಳಲ್ಲಿ ಇದೂ ಒಂದು. ದೊಡ್ಡದೊಂದು ಕಂಟೇನರ್ ಹಡಗಿನ ಚಿತ್ರ, ಮೇಲೆ ತ್ರಿವರ್ಣ, ಕೆಳಗೆ ಇಷ್ಟು ಬರಹ: “ಬಂದರಿನಲ್ಲಿ ಹಡಗು ನಿಲ್ಲುವ ಸಮಯ: ಭಾರತ 0.9 ದಿನ, ಸಿಂಗಾಪುರ 1.0 ದಿನ, ಅಮೆರಿಕ 1.5 ದಿನ, ಆಸ್ಟ್ರೇಲಿಯಾ 1.7 ದಿನ. ಹೆಮ್ಮೆಯಿಂದ ಹಂಚಿಕೊಳ್ಳಿ.” ಅದರ ಕೆಳಗೆ ಯಾರಾದರೊಬ್ಬರು ಉತ್ತರ ಹಾಕುತ್ತಾರೆ: “ಸುಳ್ಳು. ಸರ್ಕಾರದ್ದೇ ಲೆಕ್ಕದ ಪ್ರಕಾರ 48 ಗಂಟೆ, ಅಂದರೆ 2 ದಿನ.” ಅಲ್ಲಿಂದ ಮುಂದೆ ಚರ್ಚೆ ಹಡಗನ್ನು ಬಿಟ್ಟು ರಾಜಕೀಯ ಹಿಡಿಯುತ್ತದೆ.

ನಾವು ಎರಡೂ ಅಂಕಿಗಳ ಬೆನ್ನು ಹತ್ತಿ ನೋಡಿದೆವು. ಸಿಕ್ಕ ಉತ್ತರ ಇಬ್ಬರಿಗೂ ಅಷ್ಟೇನೂ ಖುಷಿ ಕೊಡಲಾರದು. 0.9 ದಿನವೂ ಸರಿ, 48 ಗಂಟೆಯೂ ಸರಿ. ಆದರೆ ಇವೆರಡೂ ಬೇರೆ ಬೇರೆ ಹಡಗುಗಳ ಲೆಕ್ಕ. ಅಷ್ಟೇ ಅಲ್ಲ, 0.9 ಸರಿಯಾಗಿದ್ದ ಮಾತ್ರಕ್ಕೆ “ಅಮೆರಿಕಕ್ಕಿಂತ ನಾವು ದಕ್ಷರು” ಎಂಬ ಮಾತು ಸರಿಯಾಗುವುದಿಲ್ಲ. ಯಾಕೆ ಎಂದು ತಿಳಿಯಲು ಬಂದರಿನೊಳಗೆ ಒಂದು ಸುತ್ತು ಹಾಕಬೇಕು.

0.9 ಎಲ್ಲಿಂದ ಬಂತು?

ವಿಶ್ವ ಬ್ಯಾಂಕ್ 2023ರಲ್ಲಿ 139 ದೇಶಗಳ ಸರಕು ಸಾಗಣೆಯ ಬಗ್ಗೆ ಒಂದು ವರದಿ ತಂದಿತು. ‘ಲಾಜಿಸ್ಟಿಕ್ಸ್ ಪರ್ಫಾರ್ಮೆನ್ಸ್ ಇಂಡೆಕ್ಸ್’ ಎಂದು ಅದರ ಹೆಸರು. ಅದರಲ್ಲಿ ಭಾರತಕ್ಕೆ 38ನೇ ಸ್ಥಾನ. 2018ರಲ್ಲಿ 44 ಇತ್ತು. ಈ ರ‍್ಯಾಂಕ್ ಬರುವುದು ಸಾಗಣೆ ವ್ಯವಹಾರದಲ್ಲಿರುವವರ ಅಭಿಪ್ರಾಯ ಸಮೀಕ್ಷೆಯಿಂದ. ಆದರೆ 2023ರ ವರದಿಯಲ್ಲಿ ಹೊಸದೊಂದು ಸೇರಿತ್ತು: ಹಡಗು, ಕಂಟೇನರ್‌ಗಳು ನಿಜಕ್ಕೂ ಎಲ್ಲಿ ಎಷ್ಟು ಹೊತ್ತು ನಿಂತವು ಎಂಬ ದತ್ತಾಂಶ. 0.9 ದಿನ ಬಂದದ್ದು ಅಲ್ಲಿಂದ. ಕೇಂದ್ರ ಸರ್ಕಾರದ ಪ್ರಕಟಣೆಯಲ್ಲೂ ಇದೇ ಹೋಲಿಕೆ ಇತ್ತು. ಹಾಗಾಗಿ ಫಾರ್ವರ್ಡ್ ಕಟ್ಟುಕಥೆಯಲ್ಲ.

ಹಡಗು ಎಷ್ಟು ಹೊತ್ತು ನಿಂತಿತು ಎಂದು ಅಷ್ಟು ದೂರದಲ್ಲಿ ಕುಳಿತವರಿಗೆ ಹೇಗೆ ಗೊತ್ತು ಎನ್ನುತ್ತೀರಾ? ದೊಡ್ಡ ಹಡಗುಗಳೆಲ್ಲ ‘ಎಐಎಸ್’ ಎಂಬ ರೇಡಿಯೊ ಸಂಕೇತವನ್ನು ಸದಾ ಕಳುಹಿಸುತ್ತಿರಬೇಕು. ನಾನು ಇಂಥ ಹಡಗು, ಇಲ್ಲಿದ್ದೇನೆ, ಇಷ್ಟು ವೇಗದಲ್ಲಿ ಹೋಗುತ್ತಿದ್ದೇನೆ ಎಂಬ ಮಾಹಿತಿ ಅದು. ಡಿಕ್ಕಿ ತಪ್ಪಿಸಲೆಂದು ತಂದ ವ್ಯವಸ್ಥೆ ಇವತ್ತು ಬಂದರುಗಳ ಅಂಕಪಟ್ಟಿ ಬರೆಯುತ್ತಿದೆ. ನಿಮ್ಮ ಫೋನಿನಲ್ಲೂ ‘ಮರೀನ್‌ಟ್ರಾಫಿಕ್’ನಂಥ ಆ್ಯಪ್ ತೆರೆದರೆ ಪಣಂಬೂರಿನ ಎದುರು ಲಂಗರು ಹಾಕಿ ನಿಂತ ಹಡಗುಗಳು ಚುಕ್ಕಿಗಳಾಗಿ ಕಾಣುತ್ತವೆ.

ಮುಖ್ಯ ವಿಷಯ ಇಲ್ಲಿದೆ. ಆ 0.9 ಕಂಟೇನರ್ ಹಡಗುಗಳದ್ದು. ಕಂಟೇನರ್ ಎಂದರೆ ಒಂದೇ ಅಳತೆಯ ಕಬ್ಬಿಣದ ಪೆಟ್ಟಿಗೆ. ಕ್ರೇನ್ ಎತ್ತುತ್ತದೆ, ಲಾರಿಯ ಮೇಲೆ ಇಡುತ್ತದೆ, ಮುಂದಿನದು. ಕಲ್ಲಿದ್ದಲು, ಅದಿರು, ರಸಗೊಬ್ಬರದ ಹಡಗು ಹಾಗಲ್ಲ. ದೊಡ್ಡ ಕೈಯಂಥ ಗ್ರ್ಯಾಬ್ ಹಡಗಿನ ಹೊಟ್ಟೆಗಿಳಿದು ತೋಡಿ ತೋಡಿ ತರಬೇಕು. ಗೊಬ್ಬರ ಇಳಿಸುವಾಗ ಮಳೆ ಬಂದರೆ ಮುಚ್ಚಳ ಎಳೆದು ಕೈಕಟ್ಟಿ ಕೂರಬೇಕು. ವಿಶ್ವಸಂಸ್ಥೆಯ ವ್ಯಾಪಾರ ಸಂಸ್ಥೆ ಅಂಕ್ಟಾಡ್‌ನ 2018ರ ಲೆಕ್ಕದಲ್ಲಿ, ಇಡೀ ಜಗತ್ತಿನಲ್ಲೇ ಕಂಟೇನರ್ ಹಡಗೊಂದು ಬಂದರಿನಲ್ಲಿ ಸಾಮಾನ್ಯವಾಗಿ ಇರುತ್ತಿದ್ದದ್ದು ಸುಮಾರು 0.7 ದಿನ. ಒಣ ಸರಕಿನ ಹಡಗು 2 ದಿನಕ್ಕೂ ತುಸು ಹೆಚ್ಚು.

ಉತ್ತರ ಹಾಕಿದವರ 48 ಗಂಟೆ ಬಂದದ್ದು ಬಂದರು ಸಚಿವಾಲಯದಿಂದ. ದೇಶದ ಪ್ರಧಾನ ಬಂದರುಗಳಿಗೆ ಬಂದ ಎಲ್ಲ ಬಗೆಯ ಹಡಗುಗಳ ಸರಾಸರಿ ಅದು. 2013-14ರಲ್ಲಿ ಸುಮಾರು 94 ಗಂಟೆ ಇದ್ದದ್ದು 2023-24ಕ್ಕೆ ಸುಮಾರು 48ಕ್ಕೆ ಇಳಿದಿದೆ. ನಮ್ಮನ್ನು ಕೇಳಿದರೆ, ಹೆಮ್ಮೆ ಪಡಲು 0.9ಕ್ಕಿಂತ ಇದು ಗಟ್ಟಿಯಾದ ಅಂಕಿ. ಅಮೆರಿಕವನ್ನು ಎಳೆದು ತರದೆ, ನಮ್ಮದೇ ಹತ್ತು ವರ್ಷದ ಹಿಂದಿನ ಸ್ಥಿತಿಯ ಜೊತೆ ಹೋಲಿಸುತ್ತದೆ.

ಕರ್ನಾಟಕದವರಿಗೆ ಇನ್ನೊಂದು ಮಾತು. 1974ರಲ್ಲಿ ದೇಶದ 9ನೇ ಪ್ರಧಾನ ಬಂದರು ಎಂದು ಘೋಷಣೆಯಾದ ಪಣಂಬೂರಿನ ನವಮಂಗಳೂರು ಬಂದರಿನಲ್ಲಿ ಹೆಚ್ಚಿನ ಪಾಲು ಕಚ್ಚಾ ತೈಲ, ಪೆಟ್ರೋಲಿಯಂ ಉತ್ಪನ್ನ, ಅಡುಗೆ ಅನಿಲ, ಕಲ್ಲಿದ್ದಲು, ಅದಿರಿನ ಉಂಡೆಗಳದ್ದು. ಕಂಟೇನರ್ ಅಲ್ಲಿ ಚಿಕ್ಕ ಪಾಲು. ಆದ್ದರಿಂದ 0.9 ದಿನ ಎಂಬ ಅಂಕಿ ನಮ್ಮ ಮನೆಯಂಗಳದ ಬಂದರಿನ ಬಗ್ಗೆ ಹೇಳುವುದು ಬಹಳ ಕಡಿಮೆ.

ಅಮೆರಿಕಕ್ಕೆ 1.5 ದಿನ ಯಾಕೆ ಬೇಕಾಯಿತು?

ಒಂದು ಲೆಕ್ಕ ಮಾಡೋಣ. ಅಂಕಿಗಳು ಉದಾಹರಣೆಗೆ ಮಾತ್ರ.

‘ಅ’ ಬಂದರಿನಲ್ಲಿ ಹಡಗೊಂದು 1,000 ಪೆಟ್ಟಿಗೆ ಇಳಿಸಿ ಏರಿಸಿ 0.9 ದಿನದಲ್ಲಿ, ಅಂದರೆ ಸುಮಾರು 22 ಗಂಟೆಯಲ್ಲಿ ಹೊರಟಿತು. ‘ಆ’ ಬಂದರಿನಲ್ಲಿ ಇನ್ನೊಂದು ಹಡಗು 6,000 ಪೆಟ್ಟಿಗೆಗಳ ಕೆಲಸ ಮುಗಿಸಿ 1.5 ದಿನಕ್ಕೆ, ಅಂದರೆ 36 ಗಂಟೆಗೆ ಹೊರಟಿತು. ಫಾರ್ವರ್ಡ್ ಪ್ರಕಾರ ‘ಅ’ ಗೆದ್ದಿತು. ಆದರೆ ‘ಅ’ ಬಂದರು ಗಂಟೆಗೆ 46 ಪೆಟ್ಟಿಗೆ ನಿಭಾಯಿಸಿದೆ, ‘ಆ’ ಬಂದರು 167.

ಇದು ಕೇವಲ ಕಾಗದದ ಲೆಕ್ಕವಲ್ಲ. ಏಷ್ಯಾದಿಂದ ಪೆಸಿಫಿಕ್ ದಾಟಿ ಲಾಸ್ ಏಂಜಲೀಸ್‌ಗೆ ಬರುವ ದೈತ್ಯ ಹಡಗು ಹೊತ್ತು ತಂದ ಸರಕಿನ ಬಹುಪಾಲನ್ನು ಅಲ್ಲೇ ಇಳಿಸುತ್ತದೆ. ದಾರಿಯಲ್ಲಿ ಹಲವು ಬಂದರು ಮುಟ್ಟಿಕೊಂಡು ಹೋಗುವ ಹಡಗು ಒಂದೊಂದರಲ್ಲೂ ಕೆಲವೇ ನೂರು ಪೆಟ್ಟಿಗೆ ಕೊಟ್ಟು, ಕೆಲವೇ ನೂರು ತೆಗೆದುಕೊಂಡು ಹೋಗುತ್ತದೆ. ಕೆಂಪು ಬಸ್ಸು ಮತ್ತಿಕೆರೆ ಸ್ಟಾಪಿನಲ್ಲಿ ಅರ್ಧ ನಿಮಿಷ, ಮೆಜೆಸ್ಟಿಕ್‌ನಲ್ಲಿ ಹತ್ತು ನಿಮಿಷ ನಿಂತರೆ, ಮತ್ತಿಕೆರೆಯದ್ದು ಮೆಜೆಸ್ಟಿಕ್‌ಗಿಂತ ದಕ್ಷ ನಿಲ್ದಾಣ ಎನ್ನಲಾಗುತ್ತದೆಯೇ?

ಗಡಿಯಾರ ಒತ್ತುವುದು ಎಲ್ಲಿ?

ಡಾಕ್ಟರ ಕ್ಲಿನಿಕ್‌ಗೆ ಹೋಗಿ ಎರಡು ಗಂಟೆ ಬೆಂಚಿನ ಮೇಲೆ ಕೂತು, ಒಳಗೆ ಐದು ನಿಮಿಷ ತೋರಿಸಿಕೊಂಡು ಬಂದಿದ್ದೀರಿ. “ನಮ್ಮಲ್ಲಿ ರೋಗಿಗೆ ಬೇಕಾದ ಸಮಯ ಐದೇ ನಿಮಿಷ” ಎಂದು ಬೋರ್ಡ್ ಹಾಕಿದರೆ ಅದು ಸುಳ್ಳಲ್ಲ. ಆದರೆ ನಿಮ್ಮ ಬೆಳಗು ಹಾಳಾದದ್ದು ಬೆಂಚಿನ ಮೇಲೆ.

ಬಂದರಿನಲ್ಲೂ ಹೀಗೇ. ಹಡಗು ಮೊದಲು ಹೊರಗಿನ ಕಡಲಲ್ಲಿ ಲಂಗರು ಹಾಕುತ್ತದೆ. ಕಟ್ಟೆ ಖಾಲಿಯಾದ ಮೇಲೆ ಬಂದರಿನ ಪೈಲಟ್ ಹತ್ತಿ ಅದನ್ನು ಒಳಗೆ ತರುತ್ತಾರೆ, ಟಗ್ ದೋಣಿಗಳು ತಳ್ಳಿ ಕಟ್ಟೆಗೆ ಒರಗಿಸುತ್ತವೆ, ಆಮೇಲೆ ಕ್ರೇನ್ ಕೆಲಸ. ಗಡಿಯಾರವನ್ನು ಲಂಗರಿನಿಂದ ಶುರು ಮಾಡುತ್ತೀರೋ, ಕಟ್ಟೆಯಿಂದಲೋ ಎನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ನಮ್ಮ ಬಂದರುಗಳ ಹಳೆಯ ಅಂಕಿ ಅಂಶಗಳಲ್ಲಿ ‘ಬಂದರಿನ ಕಾರಣದಿಂದ ಆದ ಕಾಯುವಿಕೆ’ ಎಂಬ ಪ್ರತ್ಯೇಕ ಸಾಲೇ ಇರುತ್ತದೆ. ಸರಕಿನ ಮಾಲೀಕರ ಕಾಗದಪತ್ರ ಸಿದ್ಧವಿಲ್ಲದೆ ಹಡಗು ಕಾದರೆ ಆ ಗಂಟೆಗಳು ಇದರಲ್ಲಿ ಸೇರುವುದಿಲ್ಲ. ಬಂದರಿನ ಮೇಲೆ ತಪ್ಪು ಹೊರಿಸಬಾರದು ಎಂಬ ದೃಷ್ಟಿಯಿಂದ ಇದು ನ್ಯಾಯವೇ. ಆದರೆ ಹಡಗಿನ ಬಾಡಿಗೆ ಕಟ್ಟುವವರಿಗೆ ಕಾದದ್ದು ಕಾದದ್ದೇ.

ಗಡಿಯಾರದ ಈ ಆಟ ದೊಡ್ಡ ಮಟ್ಟದಲ್ಲಿ ಕಂಡದ್ದು ಕೋವಿಡ್ ಕಾಲದಲ್ಲಿ, ಅದೇ ಲಾಸ್ ಏಂಜಲೀಸ್ ಮತ್ತು ಪಕ್ಕದ ಲಾಂಗ್ ಬೀಚ್ ಬಂದರುಗಳ ಎದುರು. 2021ರಲ್ಲಿ ಅಲ್ಲಿ ಹತ್ತಾರು ಹಡಗುಗಳು ಸಾಲುಗಟ್ಟಿದ್ದ ಫೋಟೊ ಎಲ್ಲೆಡೆ ಹರಿದಾಡಿತ್ತು. ಆ ವರ್ಷದ ನವೆಂಬರ್ ಮಧ್ಯದಲ್ಲಿ ನಿಯಮ ಬದಲಾಯಿತು. ಹಡಗು ಓಡೋಡಿ ಬಂದು ಬಾಗಿಲಲ್ಲಿ ನಿಂತು ಜಾಗ ಹಿಡಿಯಬೇಕಾಗಿಲ್ಲ, ಹಿಂದಿನ ಬಂದರು ಬಿಟ್ಟಾಗಲೇ ಸರದಿ ಸಿಗುತ್ತದೆ, ತೀರದಿಂದ ಸುಮಾರು 150 ಮೈಲಿ ಆಚೆ ನಿಧಾನವಾಗಿ ಬಂದರೆ ಸಾಕು. ಉದ್ದೇಶ ಒಳ್ಳೆಯದೇ: ತೀರದ ಜನರಿಗೆ ಹೊಗೆ ಕಡಿಮೆ, ಅಪಘಾತದ ಭಯ ಕಡಿಮೆ. ಆದರೆ ಕೆಲವೇ ದಿನಗಳಲ್ಲಿ ತೀರದ ಬಳಿಯ ಸಾಲು ಕರಗಿದಂತೆ ಕಂಡಿತು. ದೂರ ನಿಂತವನ್ನೂ ಸೇರಿಸಿ ಎಣಿಸಿದಾಗ 2022ರ ಜನವರಿಯಲ್ಲಿ ಕಾಯುತ್ತಿದ್ದ ಕಂಟೇನರ್ ಹಡಗುಗಳು 109. ಸಾಲು ಕರಗಿರಲಿಲ್ಲ, ದಿಗಂತದಾಚೆ ಸರಿದಿತ್ತು.

ಹಡಗು ಹೋಯಿತು, ಪೆಟ್ಟಿಗೆ?

ಹಡಗು ಬೇಗ ಹೊರಟಿತೆಂದರೆ ಸರಕು ಬೇಗ ಅಂಗಡಿಗೆ ಬಂತು ಎಂದಲ್ಲ. ಇಳಿಸಿದ ಪೆಟ್ಟಿಗೆ ಯಾರ್ಡಿನಲ್ಲಿ ಕೂರುತ್ತದೆ. ಕಸ್ಟಮ್ಸ್ ತಪಾಸಣೆ, ಸುಂಕ, ಲಾರಿ ಅಥವಾ ರೈಲು ಸಿಗುವುದು, ಗೇಟ್ ದಾಟುವುದು ಎಲ್ಲ ಆಗಬೇಕು. ಈ ತಂಗುವ ಸಮಯಕ್ಕೆ ಬೇರೆಯದೇ ಅಳತೆ ಇದೆ. ಅದೇ 2023ರ ವರದಿಯಲ್ಲಿ ಭಾರತದ ಸರಾಸರಿ ಸುಮಾರು 3 ದಿನ, ಅಮೆರಿಕದ್ದು 7, ಜರ್ಮನಿಯದ್ದು 10. ಇದರ ಮೇಲೂ ಫಾರ್ವರ್ಡ್ ಇದೆ.

ಇಲ್ಲಿ ಭಾರತದ ಸಾಧನೆ ನಿಜವಾಗಿಯೂ ದೊಡ್ಡದು. ವಿಶಾಖಪಟ್ಟಣದಲ್ಲಿ 2015ರಲ್ಲಿ ಪೆಟ್ಟಿಗೆಯೊಂದು ಸರಾಸರಿ 32.4 ದಿನ ತಂಗುತ್ತಿತ್ತು, 2019ಕ್ಕೆ 5.3 ದಿನಕ್ಕೆ ಇಳಿಯಿತು ಎಂದು ಆ ವರದಿ ಹೇಳುತ್ತದೆ. ಬರೀ ಕ್ರೇನ್ ತಂದು ಹಾಕಿದರೆ ಇಷ್ಟು ಇಳಿಯುವುದಿಲ್ಲ. ಪ್ರತಿ ಪೆಟ್ಟಿಗೆಗೂ ಫಾಸ್ಟ್ಯಾಗ್ ಮಾದರಿಯ ರೇಡಿಯೊ ಚೀಟಿ ಅಂಟಿಸಿ, ಅದು ಎಲ್ಲಿದೆ ಎಂಬುದನ್ನು ಮಾಲೀಕರಿಗೆ ತೋರಿಸುವ ವ್ಯವಸ್ಥೆಯ ಪಾತ್ರ ಇದರಲ್ಲಿತ್ತು. ಎಲ್ಲಿ ಸಿಕ್ಕಿಕೊಂಡಿದೆ ಎಂದು ಎಲ್ಲರಿಗೂ ಕಂಡರೆ ಯಾರನ್ನು ಕೇಳಬೇಕು ಎಂಬುದೂ ಗೊತ್ತಾಗುತ್ತದೆ.

ಜರ್ಮನಿಯ 10 ದಿನಕ್ಕೆ ಮಾತ್ರ ಒಂದು ಅಡಿಟಿಪ್ಪಣಿ ಬೇಕು. ಆ ಹೋಲಿಕೆ 2022ರ ಮೇಯಿಂದ ಅಕ್ಟೋಬರ್‌ವರೆಗಿನದು. ಆ ಬೇಸಿಗೆಯಲ್ಲಿ ಜರ್ಮನಿಯ ಬಂದರು ಕಾರ್ಮಿಕರು ಸಂಬಳಕ್ಕಾಗಿ ಮುಷ್ಕರ ಹೂಡಿದ್ದರು, ಅಮೆರಿಕ ಇನ್ನೂ ಕೋವಿಡ್ ದಟ್ಟಣೆಯಿಂದ ಹೊರಬಂದಿರಲಿಲ್ಲ. ಎದುರು ಮನೆಯಲ್ಲಿ ಮದುವೆ ನಡೆಯುತ್ತಿರುವ ವಾರ ನೋಡಿಕೊಂಡು ಅವರ ಮನೆ ಸದಾ ಗಲೀಜು ಎಂದಂತಾಗಬಾರದು.

ರ‍್ಯಾಂಕ್ ಪಟ್ಟಿಗಳ ಕಥೆ

ವಿಶ್ವ ಬ್ಯಾಂಕ್ ಮತ್ತು ಎಸ್ ಆ್ಯಂಡ್ ಪಿ ಗ್ಲೋಬಲ್ ಸೇರಿ ಕಂಟೇನರ್ ಬಂದರುಗಳದ್ದೇ ಒಂದು ಪಟ್ಟಿ ಮಾಡುತ್ತವೆ. ಇದರಲ್ಲಿ ನಾವು ಮೇಲೆ ಹೇಳಿದ ಎರಡು ದೋಷಗಳನ್ನೂ ಸರಿಪಡಿಸುವ ಪ್ರಯತ್ನವಿದೆ. ಗಡಿಯಾರ ಬಂದರಿನ ಗಡಿಯಿಂದಲೇ ಶುರು, ಅಂದರೆ ಲಂಗರಿನ ಕಾಯುವಿಕೆ ಲೆಕ್ಕಕ್ಕಿದೆ. ಹಡಗಿನ ಗಾತ್ರ, ಇಳಿಸಿ ಏರಿಸಿದ ಪೆಟ್ಟಿಗೆಗಳ ಸಂಖ್ಯೆ ನೋಡಿ ಸಮಾನರನ್ನು ಸಮಾನರ ಜೊತೆಗೇ ಹೋಲಿಸಲಾಗುತ್ತದೆ. 2023ರ ಪಟ್ಟಿಯ 405 ಬಂದರುಗಳಲ್ಲಿ ಚೀನಾದ ಯಾಂಗ್‌ಷಾನ್ ಮೊದಲು. ಭಾರತದ 9 ಬಂದರುಗಳು ಮೊದಲ 100ರಲ್ಲಿದ್ದವು. ಹಿಂದಿನ ವರ್ಷ 115ರಲ್ಲಿದ್ದ ವಿಶಾಖಪಟ್ಟಣ ಮೊದಲ 20ರೊಳಗೆ ಬಂತು, ಮುಂದ್ರಾ 27. ದೇಶದ ಕಂಟೇನರ್ ವ್ಯಾಪಾರದ ದೊಡ್ಡ ಹೊರೆ ಹೊರುವ ನವಿ ಮುಂಬೈನ ಜವಾಹರಲಾಲ್ ನೆಹರು ಬಂದರು ಮಾತ್ರ ನೂರರ ಅಂಚಿನಲ್ಲಿತ್ತು.

ಒಂದೇ ವರ್ಷದಲ್ಲಿ ಇಷ್ಟು ದೊಡ್ಡ ಜಿಗಿತವನ್ನು ನೋಡಿದಾಗ ಖುಷಿಯ ಜೊತೆಗೆ ಒಂದು ಸಣ್ಣ ಅನುಮಾನವೂ ಇರಲಿ. ಪಟ್ಟಿಯ ನಡುವೆ ಅಂಕಗಳು ಒತ್ತೊತ್ತಾಗಿರುತ್ತವೆ. ಕೆಲವು ಗಂಟೆ ಉಳಿಸಿದರೂ ಹತ್ತಾರು ಸ್ಥಾನ ಮೇಲೇರಬಹುದು, ಒಂದು ಚಂಡಮಾರುತಕ್ಕೆ ಅಷ್ಟೇ ಕೆಳಗೂ ಬೀಳಬಹುದು.

ಆ ಪಟ್ಟಿಯ 405ನೇ, ಅಂದರೆ ಕಟ್ಟಕಡೆಯ ಸ್ಥಾನ ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ಗೆ ಬಂತು. ಅಲ್ಲಿ ಬೇಸಿಗೆಯಲ್ಲಿ ಆಗ್ನೇಯ ದಿಕ್ಕಿನಿಂದ ಬಿರುಗಾಳಿ ಬೀಸುತ್ತದೆ. ಗಾಳಿ ಒಂದು ಮಿತಿ ದಾಟಿದರೆ ಎತ್ತರದ ಕ್ರೇನ್ ನಿಲ್ಲಿಸಲೇಬೇಕು. ದ್ರಾಕ್ಷಿ ಮುಂತಾದ ಹಣ್ಣುಗಳು ಯುರೋಪಿಗೆ ಹೊರಡುವ ಕಾಲವೂ ಅದೇ. ಹಳೆಯ ಯಂತ್ರಗಳ ಸಮಸ್ಯೆ ಬೇರೆ. ಹಣ್ಣು ತಂಪು ಪೆಟ್ಟಿಗೆಯಲ್ಲಿದ್ದರೂ ಅದರ ಆಯಸ್ಸು ಕರಗುತ್ತಲೇ ಇರುತ್ತದೆ. ತಡವಾಗಿ ತಲುಪಿದ ದ್ರಾಕ್ಷಿಗೆ ಸೂಪರ್ ಮಾರ್ಕೆಟ್ ಕೊಡುವ ಬೆಲೆ ಬೇರೆ. ಗಾಳಿ ಬಂದರಿನ ತಪ್ಪಲ್ಲ, ಹಳೆಯ ಕ್ರೇನ್ ಅದರದ್ದೇ. ರ‍್ಯಾಂಕ್ ಇವೆರಡನ್ನೂ ಬೇರ್ಪಡಿಸಿ ಹೇಳುವುದಿಲ್ಲ.

ಸಂಶೋಧಕರು ಇದಕ್ಕೊಂದು ದಾರಿ ಹುಡುಕಿದ್ದಾರೆ. ‘ಡೇಟಾ ಎನ್ವಲಪ್‌ಮೆಂಟ್ ಅನಾಲಿಸಿಸ್’ ಎಂಬ ಭಾರವಾದ ಹೆಸರಿನ ಈ ವಿಧಾನ 1978ರಲ್ಲಿ ಬಂತು, ಅದರ ಹುಟ್ಟಿನ ಹಿಂದೆ ಇದ್ದದ್ದು ಅಮೆರಿಕದ ಶಾಲೆಗಳ ಮೌಲ್ಯಮಾಪನ. ಬಂದರುಗಳಿಗೆ ಇದನ್ನು ಬಳಸಬಹುದು ಎಂಬ ಪ್ರಸ್ತಾವ 1993ರದ್ದು. ವಿಚಾರ ಸರಳ. ಎರಡು ದರ್ಶಿನಿಗಳನ್ನು ಹೋಲಿಸುವಾಗ ದಿನಕ್ಕೆ ಎಷ್ಟು ದೋಸೆ ಎಂದಷ್ಟೇ ಕೇಳಬೇಡಿ. ಎಷ್ಟು ಕಾವಲಿ, ಎಷ್ಟು ಜನ, ಎಷ್ಟು ಜಾಗ ಇಟ್ಟುಕೊಂಡು ಅಷ್ಟು ದೋಸೆ ಎಂದು ಕೇಳಿ. ಅಷ್ಟೇ ಸೌಕರ್ಯದಲ್ಲಿ ಅತಿ ಹೆಚ್ಚು ಕೊಟ್ಟವರನ್ನು ಮೇಲ್ಗೆರೆಯಾಗಿ ಇಟ್ಟುಕೊಂಡು ಉಳಿದವರು ಅದಕ್ಕಿಂತ ಎಷ್ಟು ಕೆಳಗಿದ್ದಾರೆ ಎಂದು ನೋಡಿ. ಬಂದರಿನ ಲೆಕ್ಕದಲ್ಲಿ ಕಾವಲಿಯ ಬದಲು ಕಟ್ಟೆಯ ಉದ್ದ, ಕ್ರೇನ್‌ಗಳ ಸಂಖ್ಯೆ, ಯಾರ್ಡಿನ ವಿಸ್ತಾರ. ಈ ವಿಧಾನಕ್ಕೂ ಕುರುಡು ಜಾಗವಿದೆ. ಮೇಲ್ಗೆರೆಯಲ್ಲಿರುವ ಬಂದರಿಗೆ ಪೂರ್ಣಾಂಕ ಸಿಗುತ್ತದೆ, ಆದರೆ ಅದು ಹೋಲಿಸಿದವರ ನಡುವಿನ ಪೂರ್ಣಾಂಕ ಮಾತ್ರ.

ಇಷ್ಟೆಲ್ಲ ಪಟ್ಟಿಗಳಲ್ಲಿ ಕಾಣದೇ ಹೋಗುವವರೂ ಇದ್ದಾರೆ. ಗೇಟಿನ ಹೊರಗೆ ರಾತ್ರಿಯಿಡೀ ಸಾಲಿನಲ್ಲಿ ನಿಂತ ಲಾರಿ ಚಾಲಕರ ಗಂಟೆಗಳು ಹಡಗಿನ ಗಡಿಯಾರಕ್ಕೆ ಸೇರುವುದಿಲ್ಲ. ವೇಗ ಹೆಚ್ಚಿಸುವ ಭರದಲ್ಲಿ ಕಟ್ಟೆಯ ಮೇಲೆ ಯಾರಿಗಾದರೂ ಪೆಟ್ಟಾದರೆ ಅಂಕ ಕಳೆಯುವುದೂ ಇಲ್ಲ. ನಮ್ಮ ಮಟ್ಟಿಗೆ ಇದು ಈ ಅಳತೆಗಳ ದೊಡ್ಡ ಕೊರತೆ.

ಇದರಿಂದ ನಮಗೇನು?

ತೂಕದ ಲೆಕ್ಕದಲ್ಲಿ ಭಾರತದ ವಿದೇಶ ವ್ಯಾಪಾರದ ಸುಮಾರು 95 ಶೇಕಡಾ ಕಡಲ ದಾರಿಯಲ್ಲೇ ನಡೆಯುತ್ತದೆ. ನಿಮ್ಮ ಮನೆಯ ಅಡುಗೆ ಎಣ್ಣೆ, ಗದ್ದೆಯ ಪೊಟ್ಯಾಷ್ ಎಲ್ಲ ಒಂದಲ್ಲ ಒಂದು ಕಟ್ಟೆ ಹತ್ತಿಳಿದೇ ಬಂದದ್ದು.

ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿಯನ್ನೇ ತೆಗೆದುಕೊಳ್ಳಿ. ನಮ್ಮ ಕಾಫಿಗೆ ಅತಿ ದೊಡ್ಡ ವಿದೇಶಿ ಗಿರಾಕಿ ಇಟಲಿ. 20 ಟನ್‌ನ ಒಂದು ಕಂಟೇನರ್, ಲೆಕ್ಕಕ್ಕೆ ಕಿಲೋಗೆ 300 ರೂಪಾಯಿ ಇಟ್ಟುಕೊಂಡರೆ, 60 ಲಕ್ಷ ರೂಪಾಯಿಯ ಮಾಲು. ರಫ್ತುದಾರರು ಅದನ್ನು 12 ಶೇಕಡಾ ಬಡ್ಡಿಯ ಸಾಲದಲ್ಲಿ ಕೊಂಡಿದ್ದರೆ ಒಂದು ದಿನ ತಡವಾದರೆ ಸುಮಾರು 2,000 ರೂಪಾಯಿ ಬಡ್ಡಿ. ಉಚಿತ ದಿನಗಳು ಮುಗಿದ ಮೇಲೆ ಪೆಟ್ಟಿಗೆಗೆ ದಿನವಹಿ ಬಾಡಿಗೆ ಬೇರೆ. ಹತ್ತಬೇಕಾದ ಹಡಗು ತಪ್ಪಿದರೆ ಮುಂದಿನದಕ್ಕೆ ವಾರವೇ ಕಾಯಬೇಕಾಗಬಹುದು. ಈ ಅಪಾಯವನ್ನೆಲ್ಲ ರಫ್ತುದಾರರು ಮೊದಲೇ ಲೆಕ್ಕ ಹಾಕಿ, ಬೆಳೆಗಾರರಿಗೆ ಹೇಳುವ ದರದಲ್ಲಿ ಕಳೆದುಕೊಂಡಿರುತ್ತಾರೆ. ಬಂದರಿನ ಮುಖವನ್ನೇ ನೋಡದ ಸಣ್ಣ ಬೆಳೆಗಾರ ಬಂದರಿನ ತಡಕ್ಕೆ ದುಡ್ಡು ಕಟ್ಟುವುದು ಹೀಗೆ.

ದೊಡ್ಡ ಅಧ್ಯಯನಗಳೂ ಇದನ್ನೇ ಹೇಳುತ್ತವೆ. ಷಿಮೆನಾ ಕ್ಲಾರ್ಕ್, ಡೇವಿಡ್ ಡಾಲರ್ (ಹೌದು, ಅರ್ಥಶಾಸ್ತ್ರಜ್ಞರ ಹೆಸರೇ ಡಾಲರ್) ಮತ್ತು ಅಲೆಹಾಂದ್ರೊ ಮಿಕ್ಕೊ 2004ರಲ್ಲಿ ಅಮೆರಿಕಕ್ಕೆ ಬಂದ ಸರಕುಗಳ ಸಾಗಣೆ ವೆಚ್ಚ ನೋಡಿದರು. ಬಂದರಿನ ದಕ್ಷತೆಯಲ್ಲಿ ನೂರರಲ್ಲಿ ಕೆಳಗಿನಿಂದ 25ನೇ ಮಟ್ಟದಲ್ಲಿರುವ ದೇಶ 75ನೇ ಮಟ್ಟಕ್ಕೆ ಏರಿದರೆ ಸಾಗಣೆ ವೆಚ್ಚ 12 ಶೇಕಡಾಕ್ಕೂ ಹೆಚ್ಚು ಇಳಿಯುತ್ತದೆ ಎಂದು ಕಂಡುಕೊಂಡರು. ಡೇವಿಡ್ ಹಮ್ಮೆಲ್ಸ್ ಮತ್ತು ಜಾರ್ಜ್ ಶೌರ್ 2013ರಲ್ಲಿ ಹಾಕಿದ ಲೆಕ್ಕದಲ್ಲಿ, ದಾರಿಯಲ್ಲಿ ಕಳೆಯುವ ಪ್ರತಿ ಹೆಚ್ಚುವರಿ ದಿನವೂ ಸರಕಿನ ಬೆಲೆಯ ಮೇಲೆ 0.6ರಿಂದ 2.1 ಶೇಕಡಾ ಸುಂಕ ಹಾಕಿದಂತೆ. ಕೋವಿಡ್ ಕಾಲದ ಏರಿಕೆಯ ನಂತರ ಐಎಂಎಫ್‌ನ ಅರ್ಥಶಾಸ್ತ್ರಜ್ಞರು 143 ದೇಶಗಳ 30 ವರ್ಷದ ಅಂಕಿ ನೋಡಿ, ಹಡಗು ಸಾಗಣೆ ದರ ಇಮ್ಮಡಿಯಾದರೆ ಹಣದುಬ್ಬರ ಸುಮಾರು 0.7 ಶೇಕಡಾ ಅಂಶ ಏರುತ್ತದೆ ಎಂದರು. ಕೇಳಲು ಚಿಕ್ಕದು. ಆ ಕಾಲದಲ್ಲಿ ದರ ಇಮ್ಮಡಿಗೆ ನಿಂತಿರಲಿಲ್ಲ, ಹಲವು ಪಟ್ಟು ಏರಿತ್ತು.

ಹಾಗೆಂದು ಎಲ್ಲವೂ ಬಂದರಿನ ಕೈಯಲ್ಲಿಲ್ಲ. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹೂತಿ ದಾಳಿ ಶುರುವಾದ ಮೇಲೆ ಯುರೋಪಿಗೆ ಹೋಗುವ ಹಡಗುಗಳು ಸೂಯೆಜ್ ಬಿಟ್ಟು ಆಫ್ರಿಕಾ ಸುತ್ತಬೇಕಾಯಿತು, ಹತ್ತು ಹದಿನಾಲ್ಕು ದಿನ ಹೆಚ್ಚು. ವರ್ಷಗಟ್ಟಲೆ ಬೆವರು ಸುರಿಸಿ ಕಟ್ಟೆಯಲ್ಲಿ ಉಳಿಸಿದ ಒಂದು ದಿನ ಅಲ್ಲಿ ಲೆಕ್ಕಕ್ಕೇ ಸಿಗಲಿಲ್ಲ. ಇನ್ನು, ನಮ್ಮ ಎಷ್ಟೋ ಪೆಟ್ಟಿಗೆಗಳು ಸಣ್ಣ ಹಡಗಿನಲ್ಲಿ ಕೊಲಂಬೊಗೆ ಹೋಗಿ ಅಲ್ಲಿ ದೊಡ್ಡ ಹಡಗು ಹತ್ತುತ್ತವೆ. ಅಲ್ಲಿ ಕಾದ ದಿನಗಳು ಭಾರತದ 0.9ರಲ್ಲಿ ಬರುವುದೇ ಇಲ್ಲ.

ಇದೇ ಸಾಲಿನ ಇನ್ನೊಂದು ಫಾರ್ವರ್ಡ್ ಬಗ್ಗೆಯೂ ಒಂದು ಮಾತು. “ಭಾರತ ಸರಕು ಸಾಗಣೆಗೆ ಜಿಡಿಪಿಯ 14 ಶೇಕಡಾ ಖರ್ಚು ಮಾಡುತ್ತದೆ, ಮುಂದುವರಿದ ದೇಶಗಳು 8” ಎಂಬುದು ವರ್ಷಗಳಿಂದ ಓಡಾಡುತ್ತಿದೆ. ಎನ್‌ಸಿಎಇಆರ್ ಸಂಸ್ಥೆ 2023ರ ಕೊನೆಯಲ್ಲಿ ಕೊಟ್ಟ ಅಂದಾಜಿನಲ್ಲಿ 2021-22ರ ವೆಚ್ಚ 7.8ರಿಂದ 8.9 ಶೇಕಡಾ ಮಾತ್ರ. ಒಂದೇ ರಾತ್ರಿಯಲ್ಲಿ ನಮ್ಮ ರಸ್ತೆಗಳು ಜರ್ಮನಿಯ ರಸ್ತೆಗಳಾಗಲಿಲ್ಲ. ಲೆಕ್ಕ ಹಾಕುವ ಕ್ರಮ ಬದಲಾಯಿತು.

ಮತ್ತೆ ಮೊದಲಿನ ಫಾರ್ವರ್ಡ್‌ಗೆ ಬರೋಣ. ಗ್ರೂಪಿನಲ್ಲಿ ಅದು ಮತ್ತೆ ಬಂದರೆ ಕೆಳಗಿನದನ್ನು ನಕಲು ಮಾಡಿ ಹಾಕಬಹುದು:

“2023ರ ವಿಶ್ವ ಬ್ಯಾಂಕ್ ವರದಿಯ ಪ್ರಕಾರ ಭಾರತದ ಬಂದರುಗಳಲ್ಲಿ ಕಂಟೇನರ್ ಹಡಗು ನಿಲ್ಲುವುದು ಸರಾಸರಿ 0.9 ದಿನ. ಅಮೆರಿಕದಲ್ಲಿ 1.5 ದಿನ, ಆದರೆ ಅಲ್ಲಿ ಒಂದೊಂದು ಹಡಗು ಇಳಿಸುವ ಸರಕು ಬಹಳ ಹೆಚ್ಚು. ಪ್ರಧಾನ ಬಂದರುಗಳ ಎಲ್ಲ ಬಗೆಯ ಹಡಗು ಸೇರಿಸಿದರೆ 2023-24ರಲ್ಲಿ ಭಾರತದ ಸರಾಸರಿ ಸುಮಾರು 48 ಗಂಟೆ, ಹತ್ತು ವರ್ಷದ ಹಿಂದೆ ಸುಮಾರು 94 ಗಂಟೆ ಇತ್ತು. ಇದು ಹಡಗಿನ ಸಮಯ. ಸರಕು ಗೇಟ್ ದಾಟುವ ಸಮಯ ಬೇರೆ.”